ಹಸಿ ಗೂಡು, ಕಚ್ಚಾ ನೂಲು, ಸಪ್ಪೆ ಹುಳು: ಗುಣವಾಚಕಗಳ ಬೆನ್ನು ಹತ್ತಿದ ಅನುವಾದಕನ ಪಾಠಗಳು

ರಾಮನಗರದಲ್ಲಿ ಕೂತು ನಾನು ಮಾಡುವ ಅನುವಾದಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ. ರೇಷ್ಮೆ ನೂಲಿನ ಮಾದರಿಯ ಜೊತೆ ಹೋಗುವ ಚೀಟಿ, ಚನ್ನಪಟ್ಟಣದ ಗೊಂಬೆ ಪೆಟ್ಟಿಗೆಯ ಮೇಲಿನ ನಾಲ್ಕು ಸಾಲು, ರೈತರ ತರಬೇತಿ ಕೈಪಿಡಿ, ಹೊರದೇಶದ ಖರೀದಿದಾರರ ಇಮೇಲ್, ಇವೇ ನನ್ನ ಅನ್ನ. ಹೆಚ್ಚಿನದು ಕನ್ನಡ ಮತ್ತು ಇಂಗ್ಲಿಷ್ ನಡುವೆ, ಆಗಾಗ ಸ್ಪ್ಯಾನಿಷ್. ಈ ಕೆಲಸದಲ್ಲಿ ನಾಮಪದ ಅಷ್ಟಾಗಿ ಕಾಡುವುದಿಲ್ಲ. ಗೂಡು ಎಂದರೆ ಇಂಗ್ಲಿಷಿನಲ್ಲಿ ಕಕೂನ್, ಸ್ಪ್ಯಾನಿಷಿನಲ್ಲಿ ಕಪುಯೊ. (ಸ್ಪೇನಿನಲ್ಲಿ ಮನುಷ್ಯನನ್ನು ಕಪುಯೊ ಅಂದರೆ ಅದು ಬೈಗುಳ, ಆ ಮಾತು ಬೇರೆ.) ಕ್ರಿಯಾಪದವೂ ಹೇಗೋ ದಾರಿಗೆ ಬರುತ್ತದೆ. ಜೀವ ತಿನ್ನುವುದು ಗುಣವಾಚಕ. ಈ ದಾರಿಗೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾದೀತೆಂದು ನನಗೆ ತಿಳಿದದ್ದನ್ನು ಬರೆದಿಟ್ಟಿದ್ದೇನೆ.

1. ನಿಘಂಟಿನ ಮೊದಲ ಅರ್ಥಕ್ಕೆ ಕೈಹಾಕಬೇಡಿ

‘ಕ್ರುದೊ’ ಎಂಬ ಸ್ಪ್ಯಾನಿಷ್ ಗುಣವಾಚಕವನ್ನೇ ತೆಗೆದುಕೊಳ್ಳಿ. ನಮ್ಮೂರಿನ ವ್ಯಾಪಾರಕ್ಕೂ ಅದಕ್ಕೂ ನಂಟಿದೆ. ಮಾಂಸದ ಜೊತೆ ಬಂದರೆ ಬೇಯದ್ದು. ಎಣ್ಣೆಯ ವಿಷಯದಲ್ಲಿ ಸಂಸ್ಕರಿಸದ್ದು. ಒಂಟಿಯಾಗಿ ನಿಂತರೂ ‘ಕ್ರುದೊ’ ಎಂದರೆ ಕಚ್ಚಾ ತೈಲವೇ. ಬಟ್ಟೆಯ ಜೊತೆ ಬಂದರೆ ಬಿಳುಪು ಮಾಡದ, ಬಣ್ಣ ಕಾಣದ, ನಸು ಹಳದಿ ಬಿಳಿ. ಚಳಿಗಾಲದ ಜೊತೆ ಸೇರಿದರೆ ಕಡು ಚಳಿ. ಸತ್ಯದ ಜೊತೆ ಸೇರಿದರೆ ಮುಚ್ಚುಮರೆಯಿಲ್ಲದ ಸತ್ಯ. ಮೆಕ್ಸಿಕೊದಲ್ಲಂತೂ ರಾತ್ರಿ ಕುಡಿದು ಬೆಳಿಗ್ಗೆ ತಲೆ ಹಿಡಿದುಕೊಂಡು ಕೂತವನೂ ಕ್ರುದೊ.

ಇಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿದರೆ ಸಿಗುವುದಿಲ್ಲ. ರಾ, ಕ್ರೂಡ್, ಹಾರ್ಶ್, ಆಫ್‌ವೈಟ್, ಹಂಗೋವರ್ ಎಂದು ಮಾತು ಐದು ದಿಕ್ಕಿಗೆ ಒಡೆಯುತ್ತದೆ. ಲ್ಯಾಟಿನ್ನಿನ ‘ಕ್ರೂದುಸ್’ ಇದರ ಮೂಲ. ಇಂಗ್ಲಿಷಿನ ‘ಕ್ರೂಡ್’ ಕೂಡ ಅಲ್ಲಿಂದಲೇ ಬಂದದ್ದು, ‘ಕ್ರೂಯೆಲ್’ ಅದರ ದಾಯಾದಿ. ಮೂಲ ಒಂದೇ ಎಂಬ ಧೈರ್ಯದಲ್ಲಿ ‘ಸೇದ ಕ್ರುದ’ ಎಂಬುದನ್ನು ‘ಕ್ರೂಡ್ ಸಿಲ್ಕ್’ ಎಂದು ಬರೆದ ಲೇಬಲ್ಲುಗಳನ್ನು ನೋಡಿದ್ದೇನೆ. ಇಂಗ್ಲಿಷ್ ಬಲ್ಲವನ ಕಿವಿಗೆ ಅದು ಒಡ್ಡೊಡ್ಡಾದ, ನಯವಿಲ್ಲದ ರೇಷ್ಮೆ ಎಂದು ಕೇಳಿಸುತ್ತದೆ. ‘ರಾ ಸಿಲ್ಕ್’ ಎಂದರೆ ಮಾತ್ರ ಅವನಿಗೆ ಅದು ಸರಕು.

2. ಮುಂದಿರುವ ವಸ್ತುವಿನಲ್ಲಿ ಏನು ಉಳಿದಿದೆ ಎಂದು ಕೇಳಿ

ನನಗೆ ಅತಿ ಹೆಚ್ಚು ಸಲ ಕೈಹಿಡಿದ ಪ್ರಶ್ನೆ ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕ್ರುದೊ, ರಾ ಇವೆರಡಕ್ಕೂ ಎದುರಾಗಿ ಕನ್ನಡದಲ್ಲಿ ಎರಡು ಮಾತಿವೆ: ಹಸಿ, ಕಚ್ಚಾ. ಹಸಿ ನಮ್ಮದು. ಕಚ್ಚಾ ಉತ್ತರದಿಂದ ಬಂದು ಇಲ್ಲೇ ಮನೆ ಮಾಡಿಕೊಂಡದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಸಿ ಹಾಲು, ಹಸಿ ಸೌದೆ, ಹಸಿ ಗೋಡೆ, ಹಸಿ ಗಾಯ, ಹಸಿ ಬಾಣಂತಿ, ಸಾರು ಕುದಿಯುವಾಗ ಇನ್ನೂ ಹೋಗದ ಹಸಿ ವಾಸನೆ. ಇನ್ನೊಂದು ಕಡೆ ಕಚ್ಚಾ ರಸ್ತೆ, ಕಚ್ಚಾ ಪ್ರತಿ, ಕಚ್ಚಾ ವಸ್ತು, ಕಚ್ಚಾ ತೈಲ. ಹಸಿ ರಸ್ತೆ ಎಂದರೆ ನೆನ್ನೆ ಮಳೆ ಬಂದಿದೆ ಎಂದರ್ಥ. ಕಚ್ಚಾ ಬಾಣಂತಿ ಎಂದರೆ ಅರ್ಥವೇ ಇಲ್ಲ. ಹಸಿ ಎಂದರೆ ನೀರೋ ಜೀವವೋ ಇನ್ನೂ ಉಳಿದಿದೆ. ಕಚ್ಚಾ ಎಂದರೆ ಕೆಲಸ ಇನ್ನೂ ಉಳಿದಿದೆ. ಈ ಗೆರೆ ಯಾವ ನಿಘಂಟಿನಲ್ಲೂ ನನಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ, ರೇಷ್ಮೆಯಲ್ಲಿ ಸಿಕ್ಕಿತು.

ಮಾರುಕಟ್ಟೆಗೆ ಬರುವುದು ಹಸಿ ಗೂಡು. ಒಳಗೆ ಕೋಶ ಬದುಕಿರುತ್ತದೆ. ಬಿಟ್ಟರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದ ಎಳೆ ಬಿಚ್ಚಲಾಗದು. ಅದಕ್ಕೇ ಅಷ್ಟು ಆತುರ, ಅದಕ್ಕೇ ದಿನದಿನವೂ ಹರಾಜು. ಇಂಗ್ಲಿಷ್ ಕೈಪಿಡಿಗಳು ಇದನ್ನು ‘ಗ್ರೀನ್ ಕಕೂನ್’ ಎನ್ನುತ್ತವೆ. ಗೂಡು ಬಿಳಿಯೋ ಹಳದಿಯೋ ಇರಲಿ, ಅದು ಗ್ರೀನೇ. ಮುಂದೆ ರೀಲರ್ ಅದನ್ನು ಬೇಯಿಸಿ ನೂಲು ಬಿಚ್ಚುತ್ತಾನೆ. ಆ ನೂಲು ಕಚ್ಚಾ ರೇಷ್ಮೆ. ನಮ್ಮ ಐದು ತಾಲ್ಲೂಕಿನಲ್ಲಿ ಯಾರ ಬಾಯಲ್ಲೂ ‘ಹಸಿ ರೇಷ್ಮೆ’ ಎಂಬ ಮಾತು ಕೇಳಿಲ್ಲ. ಜೀವ ಹೋಯಿತು, ಕೆಲಸ ಉಳಿಯಿತು. ಉಳಿದ ಕೆಲಸವೆಂದರೆ ಅಂಟು ಬಿಡಿಸುವುದು. ಎಳೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ, ನೂಲಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಸೋಪಿನ ನೀರಿನಲ್ಲಿ ಕುದಿಸಿದರೆ ಅದು ಹೋಗಿ ರೇಷ್ಮೆಗೆ ಹೊಳಪು ಬರುತ್ತದೆ.

ಬೆಂದ ಗೂಡಿನಿಂದ ಬಿಚ್ಚಿದ ನೂಲನ್ನು ಸ್ಪ್ಯಾನಿಷರು ‘ಬೇಯದ್ದು’ ಎಂದು ಹೇಗೆ ಕರೆಯುತ್ತಾರೆ ಎಂದು ನಾನು ಬಹಳ ದಿನ ಯೋಚಿಸಿದ್ದುಂಟು. ಉತ್ತರ ಈ ಎರಡನೆಯ ಕುದಿತದಲ್ಲಿದೆ. ಅಂಟು ಇರುವುದು ‘ಸೇದ ಕ್ರುದ’, ಬೇಯದ ರೇಷ್ಮೆ. ಸೋಪಿನಲ್ಲಿ ಕುದಿದು ಅಂಟು ಕಳೆದದ್ದು ‘ಸೇದ ಕೊಸಿದ’, ಬೆಂದ ರೇಷ್ಮೆ. ಇಂಗ್ಲಿಷಿನಲ್ಲೂ ಎರಡನೆಯದಕ್ಕೆ ‘ಬಾಯ್ಲ್ಡ್ ಆಫ್’ ಎನ್ನುವ ರೂಢಿಯಿದೆ. ಸ್ಪೇನಿಗೆ ರೇಷ್ಮೆ ಹೊಸತಲ್ಲ. ವಲೆನ್ಸಿಯಾದಲ್ಲಿ 1482ರಲ್ಲಿ ಕಟ್ಟಲು ತೊಡಗಿದ ರೇಷ್ಮೆ ವಿನಿಮಯ ಭವನ ಈಗಲೂ ನಿಂತಿದೆ, 1996ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ಊರಿನ ವರ್ತಕರು ಸವೆಸಿದ ಮಾತನ್ನು ಅಡುಗೆಮನೆಯ ಅರ್ಥದಿಂದ ಅಳೆಯಬಾರದು.

3. ಒಂದೇ ಮಾರುಕಟ್ಟೆಯಲ್ಲಿ ಒಂದೇ ಮಾತಿಗೆ ಎರಡು ಅರ್ಥ ಇರುತ್ತದೆ

ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಬ್ಬರು ರಾಶಿಯಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಕೋಶ ಬಲಿತಿದ್ದರೆ ಒಳಗೆ ಲೊಟಲೊಟ ಅನ್ನುತ್ತದೆ. ಅನ್ನಲಿಲ್ಲ.

“ಹಸಿ ಐತಲ್ಲಣ್ಣ ಇದು,” ಅಂದರು.

ಕನಕಪುರ ಕಡೆಯಿಂದ ಬಂದಿದ್ದ ರೈತರಿಗೆ ರೇಗಿತು. “ಗೂಡು ಅಂದ್ಮೇಲೆ ಹಸಿ ಇರ್ದೆ ಇನ್ನೇನು ಒಣಗಿರ್ತದಾ? ನಿನ್ನೆ ಬಿಡ್ಸಿರೋದು ಕಣಪ್ಪ!”

ರೈತರ ಹಸಿ ಎಂದರೆ ತಾಜಾ, ಬೆಲೆ ಏರಿಸುವ ಮಾತು. ರೀಲರ್‌ನ ಹಸಿ ಎಂದರೆ ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಅವಸರದಲ್ಲಿ ಬಿಡಿಸಿದ್ದು: ಕೋಶ ಇನ್ನೂ ಎಳೆಯದು, ಸಾಗಿಸುವಾಗ ಒಡೆದು ಒಳಗಿಂದ ಕಲೆ ಮಾಡುತ್ತದೆ. ಅದು ಬೆಲೆ ಇಳಿಸುವ ಮಾತು. ಇಂಗ್ಲಿಷಿಗೆ ತರುವಾಗ ಮೊದಲನೆಯದು ಫ್ರೆಶ್, ಎರಡನೆಯದು ಇಮ್ಮೆಚ್ಯೂರ್. ಸ್ಪ್ಯಾನಿಷಿನಲ್ಲಿ ಮೊದಲನೆಯದು ‘ಫ್ರೆಸ್ಕೊ’, ಎರಡನೆಯದು ‘ವೆರ್ದೆ’. ಕ್ರುದೊ ಇಲ್ಲಿ ಎಲ್ಲೂ ಬರುವುದಿಲ್ಲ. ಹೇಳಿದವರು ಕೊಳ್ಳುವವರೋ ಮಾರುವವರೋ ಎಂದು ತಿಳಿಯದೆ ಗುಣವಾಚಕವನ್ನು ಮುಟ್ಟಬೇಡಿ.

4. ಬಣ್ಣದ ಹೆಸರೆಲ್ಲ ಬಣ್ಣವಲ್ಲ

ಬಟ್ಟೆ ಗಿರಣಿಯವರು ‘ಗ್ರೇ’ ಬಟ್ಟೆ ಎನ್ನುತ್ತಾರೆ. ಅದನ್ನು ‘ಬೂದು ಬಣ್ಣದ ಬಟ್ಟೆ’ ಎಂದು ಕನ್ನಡಿಸಿದ ಕಾಗದಪತ್ರ ನನ್ನ ಮೇಜಿಗೆ ಬಂದಿದೆ. ಬೂದಿಗೂ ಅದಕ್ಕೂ ಸಂಬಂಧವಿಲ್ಲ. ಮಗ್ಗದಿಂದ ಇಳಿದ ಮೇಲೆ ಬಿಳುಪನ್ನೂ ಬಣ್ಣವನ್ನೂ ಕಾಣದ ಬಟ್ಟೆ ಅದು. ‘ಗ್ರೇಜ್’ ಎಂದೂ ಬರೆಯುತ್ತಾರೆ. ಕಚ್ಚಾ ರೇಷ್ಮೆಗೆ ಫ್ರೆಂಚರು ಹೇಳುವ ‘ಗ್ರೆಜ್’ ಅದರ ಮೂಲ. ನೋಡಿ, ಮತ್ತೆ ರೇಷ್ಮೆಗೇ ಬಂದೆವು. ನಮ್ಮ ಜವಳಿ ಅಂಗಡಿಯವರ ಬಾಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ, ಕೋರಾ. ಸ್ಪ್ಯಾನಿಷ್ ಖರೀದಿದಾರ ‘ಕೊಲೋರ್ ಕ್ರುದೊ’ ಎಂದು ಬರೆದರೆ ಅವನಿಗೆ ಬೇಕಿರುವುದು ಕೋರಾ ಬಟ್ಟೆಯ ಬಣ್ಣ. ಕುಶಲಕರ್ಮಿಗೆ ಹಾಗೇ ಹೇಳಿ, ತಟ್ಟನೆ ಅರ್ಥವಾಗುತ್ತದೆ.

ಇದರ ಜೊತೆಗೇ ಒಂದು ಎಚ್ಚರಿಕೆ. ಸೀರೆ ಅಂಗಡಿಯಲ್ಲಿ ‘ರಾ ಸಿಲ್ಕ್’ ಎಂದು ತೋರಿಸುವ ಗಂಟುಗಂಟಾದ ಮಂದ ಬಟ್ಟೆಗೂ ಕಚ್ಚಾ ರೇಷ್ಮೆ ನೂಲಿಗೂ ಅಜಗಜಾಂತರ. ಕೇಳುವವನು ದರ್ಜಿಯೋ ನೂಲಿನ ವರ್ತಕನೋ ಎಂದು ಮೊದಲು ವಿಚಾರಿಸಿ.

5. ರೋಗದ ಹೆಸರಿನಲ್ಲಿರುವ ಗುಣವಾಚಕವನ್ನು ಕಣ್ಣಿಟ್ಟು ನೋಡಿ

ಹುಳು ಸಾಕುವವರಿಗೆ ಕೊಡುವ ಕರಪತ್ರವೊಂದರ ಇಂಗ್ಲಿಷ್ ಕರಡಿನಲ್ಲಿ ‘ಟೇಸ್ಟ್‌ಲೆಸ್ ಡಿಸೀಸ್’ ಎಂಬ ಸಾಲಿತ್ತು. ಯಂತ್ರಾನುವಾದದ ಪ್ರಸಾದ. ಕನ್ನಡದಲ್ಲಿ ಇದ್ದದ್ದು ‘ಸಪ್ಪೆ ರೋಗ’.

ಸಪ್ಪೆ ಎಂದರೆ ಉಪ್ಪಿಲ್ಲದ್ದು, ನಿಜ. ಆದರೆ “ಯಾಕಮ್ಮ ಸಪ್ಪಗಿದ್ದೀಯ?” ಎಂದು ಮಗಳನ್ನು ಕೇಳುವಾಗ ಯಾರೂ ಉಪ್ಪಿನ ಡಬ್ಬಿ ಹುಡುಕುವುದಿಲ್ಲ. ರೋಗ ಹಿಡಿದ ಹುಳು ಸೊಪ್ಪು ಬಿಡುತ್ತದೆ, ಮೈ ಮೆತ್ತಗಾಗಿ ಜೋಲುತ್ತದೆ, ಮುಟ್ಟಿದರೂ ಚುರುಕಿಲ್ಲ. ಅದು ಸಪ್ಪೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ರೆಂಚರ ‘ಫ್ಲಾಶರಿ’ ಎಂಬ ಮಾತೇ ನಿಂತಿದೆ. 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಲೂಯಿ ಪ್ಯಾಶ್ಚರ್ ರೇಷ್ಮೆ ಹುಳುವಿನ ರೋಗಗಳ ಹಿಂದೆ ಬಿದ್ದಿದ್ದ. ಗಂಟು ರೋಗವೂ ಇದೂ ಬೇರೆಬೇರೆ ಎಂದು ವಿಂಗಡಿಸಿದ್ದು ಆ ಕಾಲದಲ್ಲೇ. ಫ್ರೆಂಚ್ ಹೆಸರಿನಲ್ಲೂ ಅಡಗಿರುವುದು ಜೋಲು ಬಿದ್ದ ಮೈಯ ಗುಣವೇ. ನಮ್ಮ ರೈತರು ಪ್ಯಾಶ್ಚರ್‌ನನ್ನು ಓದಿ ಹೆಸರಿಟ್ಟವರಲ್ಲ, ಹುಳುವನ್ನು ನೋಡಿ ಇಟ್ಟವರು. ಒಳಗಿನ ರಸ ಹಾಲಿನ ಹಾಗೆ ಬೆಳ್ಳಗಾಗುವುದಕ್ಕೆ ಹಾಲುತೊಂಡೆ, ಸತ್ತ ಹುಳು ಬೆಳ್ಳಗೆ ಬಿರುಸಾಗುವುದಕ್ಕೆ ಸುಣ್ಣಕಟ್ಟು. ಇವನ್ನು ಪದಪದವಾಗಿ ಇಂಗ್ಲಿಷಿಗೆ ತಿರುಗಿಸುವುದು ಅಪರಾಧ. ಗ್ರಾಸರಿ, ಮಸ್ಕಾರ್ಡಿನ್ ಎಂಬ ಶಾಸ್ತ್ರದ ಹೆಸರು ಇವೆ, ಅವನ್ನೇ ಬಳಸಿ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಮಾತ್ರ ರೈತರ ಹೆಸರು ಬಿಟ್ಟು ‘ಫ್ಲಾಶರಿ ರೋಗ’ ಎಂದು ಬರೆಯಬೇಡಿ. ಓದುವವರು ಹುಳು ಸಾಯುವ ಮನೆಯಲ್ಲಿ ನಿಂತಿರುತ್ತಾರೆ.

ಸ್ಪ್ಯಾನಿಷಿನಲ್ಲಿ ಸಪ್ಪೆಗೆ ಹೇಳಿ ಮಾಡಿಸಿದ ಜೊತೆ ಇದೆ: ‘ಸೋಸೊ’. ಉಪ್ಪು ಸಾಲದ ಸಾರೂ ಸೋಸೊ, ಮಾತಿನಲ್ಲಿ ಸ್ವಾರಸ್ಯವಿಲ್ಲದ ಮನುಷ್ಯನೂ ಸೋಸೊ. ಇಂಗ್ಲಿಷಿನ ‘ಸೋ ಸೋ’ ಎಂದು ತಿಳಿದರೆ ಕೆಟ್ಟಿರಿ. ಅದು ‘ಪರವಾಗಿಲ್ಲ’ ಅಷ್ಟೆ. ಆದರೆ ರೋಗ ಹಿಡಿದ ಹುಳುವಿಗೆ ಸೋಸೊ ಎನ್ನಲು ಬರುವುದಿಲ್ಲ. ಎರಡು ಅರ್ಥದಲ್ಲಿ ಜೊತೆಗೆ ಬಂದ ಮಾತು ಮೂರನೆಯದರಲ್ಲಿ ಕೈಬಿಡುತ್ತದೆ.

6. ಇದು ಸ್ವಭಾವವೋ, ಈ ಹೊತ್ತಿನ ಸ್ಥಿತಿಯೋ?

ಇಂಗ್ಲಿಷಿನ ‘ಈಸ್’ ಎರಡನ್ನೂ ನುಂಗುತ್ತದೆ. ಸ್ಪ್ಯಾನಿಷಿನಲ್ಲಿ ‘ಸೆರ್’, ‘ಎಸ್ತಾರ್’ ಎಂದು ಎರಡು ಕ್ರಿಯಾಪದ. ಒಂದರ ಜೊತೆ ‘ರಿಕೊ’ ಎಂದರೆ ಶ್ರೀಮಂತ, ಇನ್ನೊಂದರ ಜೊತೆ ರುಚಿಯಾಗಿದೆ. ‘ಮದೂರೊ’ ಒಂದರ ಜೊತೆ ಪ್ರಬುದ್ಧ, ಇನ್ನೊಂದರ ಜೊತೆ ಮಾಗಿದೆ. ನಮಗೆ ಇದು ಕಷ್ಟವಾಗಬೇಕಿಲ್ಲ, ‘ಆಗು’ ಎಂಬ ಧಾತು ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. “ಹುಳು ಹಣ್ಣಾಗಿದೆ” ಎಂದರೆ ಸೊಪ್ಪು ಸಾಕು, ಚಂದ್ರಿಕೆಗೆ ಬಿಡಿ ಎಂದರ್ಥ. ಇಂಗ್ಲಿಷಿನವರೂ ‘ರೈಪ್’ ಎನ್ನುತ್ತಾರೆ, ಹೊಂದುತ್ತದೆ. “ಅಜ್ಜ ಹಣ್ಣಾಗಿದ್ದಾರೆ” ಎಂಬುದಕ್ಕೆ ಮಾತ್ರ ರೈಪ್ ಹಾಕಬೇಡಿ.

7. ಗುಣವಾಚಕ ಎಲ್ಲಿ ನಿಂತಿದೆ, ಯಾರ ಪಕ್ಕ ನಿಂತಿದೆ ನೋಡಿ

ಸ್ಪ್ಯಾನಿಷಿನಲ್ಲಿ ಗುಣವಾಚಕ ಸಾಮಾನ್ಯವಾಗಿ ನಾಮಪದದ ಹಿಂದೆ ಬರುತ್ತದೆ, ಲಿಂಗಕ್ಕೆ ತಕ್ಕಂತೆ ಕೊನೆ ಬದಲಿಸುತ್ತದೆ. ರೇಷ್ಮೆ ಸ್ತ್ರೀಲಿಂಗ, ಆದ್ದರಿಂದ ಕ್ರುದ. ಹತ್ತಿ ಪುಲ್ಲಿಂಗ, ಆದ್ದರಿಂದ ಕ್ರುದೊ. ಲೇಬಲ್ಲಿನಲ್ಲಿ ಇದು ತಪ್ಪಿದರೆ ಸರಕಿನ ಮೇಲೆ ಅನುಮಾನ ಹುಟ್ಟುತ್ತದೆ. ಮುಂದೆ ಬಂದಾಗ ಅರ್ಥವೇ ಬೇರೆಯಾಗುವ ಪದಗಳೂ ಇವೆ: ‘ಪೋಬ್ರೆ’ ಹಿಂದೆ ಬಂದರೆ ದುಡ್ಡಿಲ್ಲದ ಬಡವ, ಮುಂದೆ ಬಂದರೆ ಅಯ್ಯೋ ಪಾಪ ಎನ್ನಿಸುವವ. ಕನ್ನಡದಲ್ಲೂ ಇಂಥದ್ದಿದೆ. ‘ದೊಡ್ಡ ಮನುಷ್ಯ’ ಎಂದರೆ ಪ್ರಭಾವಿ, ಕೆಲವೊಮ್ಮೆ ವ್ಯಂಗ್ಯ. ‘ಅವನು ದೊಡ್ಡವನು’ ಎಂದರೆ ವಯಸ್ಸು. ‘ಅವಳು ದೊಡ್ಡವಳಾದಳು’ ಎಂಬುದನ್ನು ಇಂಗ್ಲಿಷಿಗೆ ಹಾಕುವ ಮೊದಲು ಮನೆಯ ಹೆಂಗಸರನ್ನು ಕೇಳಿ.

ನಮ್ಮ ಜಿಲ್ಲೆಗೇ ಈಗ ಸ್ಪ್ಯಾನಿಷ್ ಚಾಳಿ ಹಿಡಿದಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ‘ಬೆಂಗಳೂರು ದಕ್ಷಿಣ’ ಆಯಿತು. ಕರಾವಳಿಯವರದು ‘ದಕ್ಷಿಣ ಕನ್ನಡ’, ಗುಣ ಮುಂದೆ. ನಮ್ಮದರಲ್ಲಿ ಗುಣ ಹಿಂದೆ.

8. ಹಸಿರು ಎಲ್ಲ ಕಡೆ ಪರಿಸರಸ್ನೇಹಿಯಲ್ಲ

ಚನ್ನಪಟ್ಟಣದ ಗೊಂಬೆಗೆ ಹಾಲೆ ಮರ. ಕಡಿದ ತಕ್ಷಣ ಕಡೆಯುವಂತಿಲ್ಲ, ಒಣಗಿಸಬೇಕು. ಹಸಿ ಮರದಲ್ಲಿ ಮಾಡಿದ ಗೊಂಬೆ ಆಮೇಲೆ ಬಿರುಕು ಬಿಡುತ್ತದೆ. ಒಣಗದ ಮರಕ್ಕೆ ಇಂಗ್ಲಿಷಿನಲ್ಲಿ ‘ಗ್ರೀನ್ ವುಡ್’, ಸ್ಪ್ಯಾನಿಷಿನಲ್ಲಿ ‘ಮದೇರ ವೆರ್ದೆ’. ಕನ್ನಡದ ಹಸಿ, ಹಸಿರು ಎರಡಕ್ಕೂ ಬೇರು ಒಂದೇ. ಹಸುಗೂಸು, ಹಸುಳೆ ಕೂಡ ಅದೇ ಬಳ್ಳಿ. ಆದ್ದರಿಂದ ಮೂರು ಭಾಷೆಯೂ ಇಲ್ಲಿ ಒಂದೇ ದಾರಿ ಹಿಡಿದಿವೆ. ಅಪಾಯ ಎಲ್ಲಿದೆಯೆಂದರೆ, ಗೊಂಬೆಗೆ ನೈಸರ್ಗಿಕ ಬಣ್ಣ, ಅರಗಿನ ಹೊಳಪು, ಮಕ್ಕಳು ಬಾಯಿಗಿಟ್ಟರೂ ಭಯವಿಲ್ಲ ಎಂದು ಹೇಳುವ ಉತ್ಸಾಹದಲ್ಲಿ ಪೆಟ್ಟಿಗೆಯ ಮೇಲೆ ‘ಗ್ರೀನ್ ವುಡ್’ ಎಂದು ಅಚ್ಚು ಹಾಕಿಸುವುದು. ಬಡಗಿತನ ಬಲ್ಲ ಗಿರಾಕಿ ಅದನ್ನು ‘ಒಣಗದ ಮರ, ಬಿರುಕು ಖಚಿತ’ ಎಂದು ಓದಿಕೊಳ್ಳುತ್ತಾನೆ.

ಸ್ಪ್ಯಾನಿಷಿನಲ್ಲಿ ಇನ್ನೂ ಒಂದು ಗುಂಡಿ ಇದೆ. ‘ಚಿಸ್ತೆ ವೆರ್ದೆ’ ಎಂದರೆ ಪೋಲಿ ಜೋಕು, ‘ವಿಯೆಹೊ ವೆರ್ದೆ’ ಎಂದರೆ ಚಪಲದ ಮುದುಕ. ನಮ್ಮ ಸಿನಿಮಾ ಪುಟಗಳ ‘ಹಸಿಬಿಸಿ ದೃಶ್ಯ’ ನೆನಪಿಸಿಕೊಳ್ಳಿ, ಹಸಿಗೂ ಪೋಲಿತನಕ್ಕೂ ಇಲ್ಲಿಯೂ ನೆಂಟಸ್ತಿಕೆ ಇದೆ. ಇಂಗ್ಲಿಷಿನವರು ಇದಕ್ಕೆ ನೀಲಿ ಬಣ್ಣ ಬಳಿದರು. ‘ನೀಲಿ ಚಿತ್ರ’ ಎಂದು ನಾವೂ ಅವರನ್ನೇ ನಕಲು ಮಾಡಿದೆವು. ತಮಾಷೆಯೆಂದರೆ ಸ್ಪ್ಯಾನಿಷರಿಗೆ ಸತ್ಯ ಹಸಿ, ‘ಕ್ರುದ ವೆರ್ದಾದ್’. ನಮಗೆ ಸುಳ್ಳು ಹಸಿ.

9. ಇಂಗ್ಲಿಷಿನಲ್ಲಿ ಪದವಿಲ್ಲದಿದ್ದರೆ ಸ್ಪ್ಯಾನಿಷಿನಲ್ಲಿ ಇರಬಹುದು, ಹುಡುಕಿ

ನಮ್ಮಲ್ಲಿ ಮಾವಿನ ತೋಟ ಬಹಳ. ಕಾಯಿ, ಹಣ್ಣು ಎರಡರ ನಡುವೆ ಒಂದು ಹೊತ್ತಿದೆ: ದೋರೆ. ಹುಳಿ ಪೂರ್ತಿ ಹೋಗಿಲ್ಲ, ಸಿಹಿ ಪೂರ್ತಿ ಬಂದಿಲ್ಲ, ಉಪ್ಪು ಖಾರ ಹಚ್ಚಿ ತಿನ್ನಲು ಅದೇ ಸರಿ. ಇಂಗ್ಲಿಷಿನಲ್ಲಿ ‘ಹಾಫ್ ರೈಪ್’ ಎಂದು ಲೆಕ್ಕ ಹಾಕಿ ಹೇಳಬೇಕು. ಸ್ಪ್ಯಾನಿಷಿನಲ್ಲಿ ‘ಪಿಂತೋನ್’ ಎಂಬ ಒಂದೇ ಗುಣವಾಚಕವಿದೆ: ಬಣ್ಣ ತಿರುಗಲು ತೊಡಗಿದ, ಇನ್ನೂ ಹಣ್ಣಾಗದ ಕಾಯಿ. ಈ ಜೊತೆ ಸಿಕ್ಕ ದಿನ ನನಗೆ ಹಬ್ಬ. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಸ್ಪ್ಯಾನಿಷಿಗೆ ಹೋಗಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಆದ್ದರಿಂದ ನಡುವೆ ಇಂಗ್ಲಿಷಿನ ದಲ್ಲಾಳಿಯನ್ನು ಇಟ್ಟುಕೊಳ್ಳಬೇಡಿ.

ಎಲ್ಲಿಯೂ ಸಿಗದಿದ್ದರೆ ವಿವರಿಸಿ, ಹೆಸರನ್ನು ಹಾಗೇ ಬಿಡಿ. ಮಾಗಡಿಯ ಅವರೆಕಾಯಿಯ ಸೊಗಡನ್ನು ‘ಫ್ರೇಗ್ರೆಂಟ್’ ಎಂದವರಿದ್ದಾರೆ. ಮಲ್ಲಿಗೆಗೆ ಹೇಳುವ ಮಾತು ಅದು. ಸೊಗಡು ಎಂದರೆ ಕಾಯಿ ಸುಲಿದ ಕೈಗೆ ಅಂಟುವ ಜಿಡ್ಡು, ಚಳಿಗಾಲ, ಇಬ್ಬನಿ ಎಲ್ಲ ಸೇರಿದ ಘಮಲು. ನಾನು ‘ಸೊಗಡು’ ಎಂದೇ ಬರೆದು ಒಂದು ಸಾಲು ವಿವರಣೆ ಕೊಡುತ್ತೇನೆ. ಹಾಗೇ ಹಿತಕಿದ ಬೇಳೆ ‘ಮ್ಯಾಶ್ಡ್’ ಅಲ್ಲ; ನೆನೆಸಿದ ಕಾಳನ್ನು ಬೆರಳಲ್ಲಿ ಅದುಮಿ ಸಿಪ್ಪೆಯಿಂದ ಹಾರಿಸಿದ್ದು, ಕಾಳು ಇಡಿಯಾಗಿಯೇ ಇರುತ್ತದೆ.

10. ಸಾಮಾನು ನೋಡದೆ ಕೆಲಸ ಒಪ್ಪಬೇಡಿ

ಪದಕ್ಕೆ ಇಷ್ಟು ಎಂದು ದರ ಕಟ್ಟುವ ಪದ್ಧತಿ ಗುಣವಾಚಕಕ್ಕೆ ಅನ್ಯಾಯ ಮಾಡುತ್ತದೆ. ಇಡೀ ಪುಟ ಅರ್ಧ ಗಂಟೆಯಲ್ಲಿ ಮುಗಿದು, ಅದರೊಳಗಿನ ಒಂದು ‘ನಯವಾದ’ ಮಧ್ಯಾಹ್ನವನ್ನೆಲ್ಲ ತಿನ್ನುತ್ತದೆ. ಅದು ಮುಟ್ಟಿದಾಗಿನ ನಯವೋ, ನೇಯ್ಗೆಯ ನಯವೋ, ಬೆಲೆಯ ನಯವೋ? ಲೇಬಲ್ಲಿಗೆ ನಾನು ಪದದ ಲೆಕ್ಕದಲ್ಲಿ ದುಡ್ಡು ಕೇಳುವುದನ್ನು ಬಿಟ್ಟಿದ್ದೇನೆ. ತುಂಡಿಗೆ ಇಷ್ಟು ಎನ್ನುತ್ತೇನೆ.

ಕೆಲಸ ಕೊಡುವವರಿಗೂ ಒಂದು ಮಾತು. ಲೇಬಲ್ ಅನುವಾದಕ್ಕೆ ಕಳಿಸುವಾಗ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಿ ಸುಮ್ಮನಾಗಬೇಡಿ. ಒಂದು ಲಡಿ ನೂಲು, ಒಂದು ಗೊಂಬೆ, ಒಂದು ಹಿಡಿ ಗೂಡು ಜೊತೆಗೆ ಕಳಿಸಿ. ಅದನ್ನು ಮಾಡಿದವರ ಫೋನ್ ನಂಬರನ್ನೂ ಕೊಡಿ.